ಹುಳುವಿಗೆ ಆಗದ ಹೊಗೆಸೊಪ್ಪು

ಅತ್ತೆ,

ಅಲ್ಲಿ ಎಲೆ ಅಡಿಕೆ ಸಿಗುತ್ತದೋ ಇಲ್ಲವೋ ಗೊತ್ತಿಲ್ಲ. ಸಿಗದಿದ್ದರೇ ಒಳ್ಳೆಯದು ಅಂದುಕೊಳ್ಳುತ್ತೇನೆ. ನಿಮ್ಮ ತಂಗಿಯ ವಿಷಯ ಹೇಳಬೇಕಿತ್ತು. ಗಾಬರಿಯಾಗಬೇಡಿ, ಕೊನೆಗೆ ಒಳ್ಳೆಯದೇ ಆಯಿತು. ಆದರೆ ನಿಮಗೆ ಬಂದದ್ದೇ ಚಿಕ್ಕತ್ತೆಗೂ ಬಂದಿತ್ತು, ಅದೇ ಎಡಗೆನ್ನೆಯ ಒಳಗೆ.

ನೆನಪಿದೆಯಾ, ನಿಮ್ಮ ಕೆನ್ನೆಯೊಳಗೆ ಮೊದಲು ಬೆಳ್ಳಗೆ ಕಾಣಿಸಿದಾಗ ನಾವೆಲ್ಲ ಸುಣ್ಣ ಸುಟ್ಟಿದೆ ಎಂದೇ ತೀರ್ಮಾನಿಸಿದ್ದು? ನೀವು ಬೆಣ್ಣೆ ಸವರಿಕೊಂಡು, ಸುಣ್ಣ ಕೊಟ್ಟ ಅಂಗಡಿಯವನನ್ನು ಬೈದು, ಎಲೆಯನ್ನು ಬಲಗೆನ್ನೆಗೆ ಬದಲಾಯಿಸಿ ಸುಮ್ಮನಾಗಿಬಿಟ್ಟಿರಿ. ಬೆಣ್ಣೆಗೆ ಹೋಗುವ ಗಾಯವಾಗಿದ್ದರೆ ಇವತ್ತು ಈ ಕಾಗದ ಯಾಕೆ ಬರೆಯುತ್ತಿದ್ದೆ? ಶಿಡ್ಲಘಟ್ಟದಿಂದ ಬೆಂಗಳೂರಿಗೆ ಕರೆದುಕೊಂಡು ಹೋಗುವಷ್ಟರಲ್ಲಿ ಅದು ಕತ್ತಿನ ಗಂಟುಗಳಿಗೂ ಇಳಿದಿತ್ತು. ಆಮೇಲಿನದು ನಿಮಗೇ ಗೊತ್ತು...

ಈ ಸಲದ ಯುಗಾದಿಯ ದಿನ ಒಬ್ಬಟ್ಟಿನ ಸಾರು ಬಾಯಿಗಿಟ್ಟ ಚಿಕ್ಕತ್ತೆ ಖಾರಕ್ಕೆ ಮುಖ ಕಿವುಚಿದರು. ಊರಲ್ಲಿ ಅವರಷ್ಟು ಖಾರ ತಿನ್ನುವವರು ಯಾರಿದ್ದಾರೆ ಹೇಳಿ? ಬಾಯಿ ತೆಗೆಸಿ ಟಾರ್ಚ್ ಬಿಟ್ಟು ನೋಡಿದೆ. ಬಿಳಿ ಮಚ್ಚೆ, ನಡುವೆ ಕೆಂಪು, ಮುಟ್ಟಿದರೆ ಗಟ್ಟಿ. "ಏಮೀ ಲೇದಮ್ಮ, ಏನಿಲ್ಲ, ಸುಣ್ಣ ಜಾಸ್ತಿ ಆಗಿರ್ಬೇಕು" ಅಂದರು. ನೀವು ಅಂದದ್ದೂ ಇದೇ ಮಾತು.

ಆಗ ನಿಮ್ಮ ಮಗ ಮಾಡಿದ್ದು ಕೇಳಿ. ರಕ್ತ ಕೊಟ್ಟರೆ ಸಾಕು, ಕ್ಯಾನ್ಸರ್ ಇದೆಯೋ ಇಲ್ಲವೋ ಅದರಲ್ಲೇ ತಿಳಿಯುತ್ತದೆ ಎಂದು ಯಾರೋ ಹೇಳಿದ್ದನ್ನು ನಂಬಿ ಚಿಂತಾಮಣಿಗೆ ಕರೆದುಕೊಂಡು ಹೋದರು. ಎಲ್ಲ ಸರಿಯಾಗಿದೆ ಎಂದು ರಿಪೋರ್ಟ್ ಬಂತು. ಮನೆಯಲ್ಲಿ ಹಬ್ಬ! ಚಿಕ್ಕತ್ತೆ ಅವತ್ತೇ ಇನ್ನೊಂದು ಎಲೆ ಮಡಚಿ ಬಾಯಿಗಿಟ್ಟರು. ನನ್ನ ಬೆರಳು ಮಾತ್ರ ಆ ಗಟ್ಟಿತನವನ್ನು ಮರೆಯಲಿಲ್ಲ. ಜಗಳವಾಡಿ ಚಿಕ್ಕಬಳ್ಳಾಪುರದ ಆಸ್ಪತ್ರೆಗೆ ಎಳೆದುಕೊಂಡು ಹೋದೆ.

ಅಲ್ಲಿನ ಡಾಕ್ಟರಮ್ಮ ರಿಪೋರ್ಟನ್ನು ಪಕ್ಕಕ್ಕಿಟ್ಟದ್ದು ಕಂಡು ನಿಮ್ಮ ಮಗನ ಮುಖ ಸಣ್ಣದಾಯಿತು. ಬಾಯಿಯ ಗಡ್ಡೆ ಚಿಕ್ಕದಿರುವಾಗ ರಕ್ತದಲ್ಲಿ ಏನೂ ತೋರದೇ ಇರಬಹುದು, ಕ್ಯಾನ್ಸರ್ ಇಲ್ಲದೆಯೂ ಬೇರೆ ಕಾರಣಕ್ಕೆ ರಕ್ತದ ಅಂಶ ಏರಿರುವುದೂ ಉಂಟು, ಮಚ್ಚೆಯಿಂದಲೇ ಚೂರು ತೆಗೆದು ನೋಡಬೇಕು ಎಂದರು. ಎಲೆ ಯಾವ ಕಡೆ ಇಟ್ಟುಕೊಳ್ಳುತ್ತೀರಿ ಎಂದೂ ಕೇಳಿದರು. ಚಿಕ್ಕತ್ತೆ ಎಡಗೆನ್ನೆ ಮುಟ್ಟಿ ತೋರಿಸಿದರು. ಹೊಗೆಸೊಪ್ಪನ್ನು ಕೆನ್ನೆಯಲ್ಲಿ ಒತ್ತಿಟ್ಟುಕೊಳ್ಳುವವರಿಗೆ ಹೆಚ್ಚಾಗಿ ಇಟ್ಟ ಜಾಗದಲ್ಲೇ ಬರುವುದಂತೆ.

ಚೂರು ತೆಗೆಯುತ್ತಾರೆಂದ ಕೂಡಲೇ ಚಿಕ್ಕತ್ತೆ ಹೊರಗಿನ ಬೆಂಚಿನ ಮೇಲೆ ಹಟ ಹಿಡಿದು ಕೂತರು. "ಕತ್ತಿ ತಾಗ್ಸಿದ್ರೆ ಹರಡ್ಕೊಂತದೆ. ನಮ್ಮಕ್ಕ ಕುಯ್ದಿದ್ದಕ್ಕೇ ಹೋಗಿದ್ದು" ಅಂದರು. ಹಾಗೆಲ್ಲ ಹರಡುವುದಿಲ್ಲ ಎಂದು ಡಾಕ್ಟರಮ್ಮ ಹೇಳಿದರೂ ಇಲ್ಲ, ನಿಮ್ಮ ಮಗ ಕೈ ಮುಗಿದರೂ ಇಲ್ಲ. ಆಗ ನನಗೆ ನೆನಪಾದದ್ದು ನಿಮ್ಮ ಹುಳು ಮನೆಯ ಕಟ್ಟಳೆ. ಹೊಗೆಸೊಪ್ಪು ಮುಟ್ಟಿದ ಕೈಯಲ್ಲಿ ಸೊಪ್ಪು ಹಾಕಿದರೆ ರೇಷ್ಮೆ ಹುಳು ಸಾಯುತ್ತವೆ ಎಂದು ಅಕ್ಕ ತಂಗಿ ಇಬ್ಬರೂ ಬಾಗಿಲಲ್ಲೇ ಉಗಿದು, ಬಾಯಿ ಮುಕ್ಕಳಿಸಿ, ಸೋಪು ಹಾಕಿ ಕೈ ತಿಕ್ಕಿಕೊಂಡೇ ಒಳಗೆ ಹೋಗುತ್ತಿದ್ದಿರಿ. ಮದುವೆಯಾಗಿ ಬಂದ ಹೊಸದರಲ್ಲಿ ನನ್ನ ಕೈಯನ್ನೂ ಮೂಸಿ ನೋಡಿದ್ದಿರಲ್ಲ, ನಾನೇನು ಹೊಗೆಸೊಪ್ಪು ಹಾಕುತ್ತಿದ್ದೆನಾ?

"ಹುಳ ಸಾಯ್ತವೆ ಅಂತ ಅಷ್ಟು ಕೈ ತೊಳೀತೀರಲ್ಲ ಚಿಕ್ಕತ್ತೆ, ನಿಮ್ಮ ಕೆನ್ನೆಗೇನು ಜೀವ ಇಲ್ವಾ?" ಅಂದೆ.

ಚಿಕ್ಕತ್ತೆ ಸೊಂಟದ ಎಲೆಚೀಲ ತೆಗೆದು ನನ್ನ ಮಡಿಲಿಗೆ ಹಾಕಿ ಒಳಗೆ ಹೋದರು.

ಕ್ಯಾನ್ಸರೇ ಎಂದು ಗೊತ್ತಾದ ದಿನ ಬಚ್ಚಲಲ್ಲಿ ನಿಂತು ಅತ್ತುಬಿಟ್ಟೆ. ನಿಮ್ಮ ಕೊನೆಯ ದಿನಗಳೆಲ್ಲ ಕಣ್ಣ ಮುಂದೆ... ಆದರೆ ಇದು ಚಿಕ್ಕದಾಗಿತ್ತು ಅತ್ತೆ. ಬೆಂಗಳೂರಿನಲ್ಲಿ ಆಪರೇಷನ್ ಆಯಿತು. ತೆಗೆದ ಮಾಂಸದ ಅಂಚಿನಲ್ಲಿ ರೋಗವಿಲ್ಲ, ಕತ್ತಿನ ಗಂಟುಗಳಲ್ಲೂ ಇಲ್ಲ, ರೇಡಿಯೇಷನ್ ಕರೆಂಟ್ ಕೊಡುವುದೂ ಬೇಡ ಎಂದರು. ಎಷ್ಟು ಹಗುರಾಯಿತು ಗೊತ್ತಾ? ಬಸ್ಸಿನಲ್ಲಿ ನಿಮ್ಮ ಮಗ ಕಿಟಕಿ ಕಡೆ ತಿರುಗಿಕೊಂಡು, ಧೂಳು ಎಂದು ಕಣ್ಣು ಒರೆಸಿಕೊಂಡರು. ಕಿಟಕಿ ಮುಚ್ಚಿತ್ತು. ಈಗ ಚಿಕ್ಕತ್ತೆ ಮುದ್ದೆ ನುಂಗುತ್ತಾರೆ, ಬಸ್ಸಾರಿಗೆ ಉಪ್ಪು ಸಾಲದೆಂದು ನನ್ನನ್ನು ಬೈಯುತ್ತಾರೆ. ಬೈಸಿಕೊಳ್ಳುವುದರಲ್ಲಿ ಇಷ್ಟು ಸುಖವಿದೆ ಎಂದು ನಿಮ್ಮ ಕಾಲದಲ್ಲಿ ನನಗೆ ತಿಳಿದಿರಲಿಲ್ಲ. ಆಗಾಗ ತೋರಿಸಿಕೊಂಡು ಬರಬೇಕಂತೆ. ತಪ್ಪಿಸದೆ ನಾನೇ ಕರೆದುಕೊಂಡು ಹೋಗುತ್ತೇನೆ, ಅದರ ಚಿಂತೆ ನಿಮಗೆ ಬೇಡ.

ಇವತ್ತು ಬೆಳಿಗ್ಗೆ ಇಬ್ಬರೂ ಹುಳುಗಳಿಗೆ ಸೊಪ್ಪು ಹಾಕಲು ಹೊರಟೆವು. ಬಾಗಿಲಲ್ಲಿ ಚಿಕ್ಕತ್ತೆ ಅಭ್ಯಾಸಬಲದಿಂದ ನಿಂತು, ಪಕ್ಕಕ್ಕೆ ಬಾಗಿ, ಉಗಿಯಲು ಬಾಯಿ ತೆರೆದರು. ಬಾಯಲ್ಲಿ ಏನೂ ಇರಲಿಲ್ಲ. ನನ್ನ ಕಡೆ ತಿರುಗಿ, ಹೊಲಿಗೆ ಎಳೆದ ಬಾಯಲ್ಲೇ ಸೊಟ್ಟಗೆ ನಕ್ಕರು.

"ಅಕ್ಕ ನೋಡಿದ್ರೆ ನಗೋಳು ಕಣೇ" ಅಂದು ಒಳಗೆ ಹೋದರು.

ನೋಡಿದಿರಿ ತಾನೇ, ಅತ್ತೆ?

ನಿಮ್ಮ ಸೊಸೆ,
ಗಾಯತ್ರಿ