ಮೇಜು ತಟ್ಟಿ ಕರೆ

ಕಮ್ಮನಹಳ್ಳಿ
ಶನಿವಾರ, 14 ಜೂನ್ 2025

ನನ್ನ ಹಟಮಾರಿ ವೈಷ್ಣವಿಗೆ,

ಕ್ಷೇಮವೇ ಎಂದು ಕೇಳುವುದಿಲ್ಲ. ಕ್ಷೇಮವಾಗಿಲ್ಲ ಎಂದು ನಿಮ್ಮಮ್ಮ ಜಯದೇವಿ ಬೆಳಿಗ್ಗೆ ಬಂದು ಎದುರಿಗೆ ಕೂತು ಎಲ್ಲ ಹೇಳಿದಳು. ಸೋಮವಾರ ರಾಜೀನಾಮೆ ಕೊಡುತ್ತೀಯಂತೆ. ಈಗ ಅವಳು ಊಟ ಮಾಡಿ ಮಲಗಿದ್ದಾಳೆ. ಏಳುವಷ್ಟರಲ್ಲಿ ಬರೆದು ಅವಳ ಕೈಯಲ್ಲೇ ಕಳಿಸುತ್ತೇನೆ. ಐದನೇ ಕ್ಲಾಸಿಗೆ ಶಾಲೆ ಬಿಟ್ಟವಳ ಅಕ್ಷರ, ಸೊಟ್ಟಗಿದ್ದರೆ ಸಹಿಸಿಕೋ. ನಿನಗೆ ಕಾಣಲಿ ಎಂದು ದಪ್ಪ ಪೆನ್ನು ಹಿಡಿದಿದ್ದೇನೆ.

ನೇರ ನೋಡಿದ್ದಷ್ಟೇ ನಿನಗೆ ಕಾಣುತ್ತದೆ, ಪಕ್ಕದಲ್ಲಿ ನಿಂತವರು ಕಾಣುವುದಿಲ್ಲ. ಇದು ನಮಗೆ ಗೊತ್ತು, ನಿನ್ನ ಆಫೀಸಿನವರಿಗೆ ಗೊತ್ತಿಲ್ಲ. ಕೈ ಚಾಚಿದವರನ್ನು ದಾಟಿಕೊಂಡು ಹೋಗುತ್ತೀ, ಅವರು ಕೊಬ್ಬು ಅನ್ನುತ್ತಾರೆ. ನಿನ್ನ ಜೊತೆ ಕೆಲಸ ಮಾಡುವ ಆ ಕೇದಾರ್ ನಿನ್ನ ಬೆನ್ನ ಹಿಂದೆ ‘ಬಿಡು ಗುರು, ಮೇಡಂಗೆ ನಾವೆಲ್ಲ ಎಲ್ಲಿ ಕಾಣ್ತೀವಿ’ ಅಂದನಂತೆ. ಪೆದ್ದ, ತನಗೇ ಗೊತ್ತಿಲ್ಲದೆ ನಿಜ ನುಡಿದಿದ್ದಾನೆ.

ಕಣ್ಣಿನ ವಿಷಯ ಯಾಕೆ ಮುಚ್ಚಿಟ್ಟೆ ಎಂದು ನಾನು ಬೈಯುವುದಿಲ್ಲ. ಮೇಲಿನವರನ್ನು ನಂಬಿ ತನಗೆ ಫಿಟ್ಸ್ ಬರುತ್ತದೆ ಎಂದು ಹೇಳಿಕೊಂಡ ನಿಮ್ಮ ಆಫೀಸಿನ ವಿರೂಪಾಕ್ಷನನ್ನು ‘ನಿಮ್ಮ ಒಳ್ಳೇದಕ್ಕೇ’ ಅನ್ನುತ್ತಾ ಒಂದೊಂದೇ ಕೆಲಸದಿಂದ ಸರಿಸಿ ಮೂಲೆಗೆ ಕೂರಿಸಿದರಂತಲ್ಲ. ಗೋಡೆ ತುಂಬ ಮಾತ್ರ ಮನಸ್ಸು ಬಿಚ್ಚಿ ಮಾತಾಡಿ ಎಂದು ಬರೆಸಿದ್ದಾರಂತೆ. ಗೋಡೆಗೆ ಹೇಳಿಕೊಳ್ಳಬೇಕೇನು?

ನಮ್ಮ ಹೊಲಿಗೆ ಅಂಗಡಿಯ ಕಟಿಂಗ್ ಮಾಸ್ಟರ್ ಅಸ್ಗರ್‌ಗೆ ಕಿವಿ ಕೇಳುವುದಿಲ್ಲ, ತುಟಿ ನೋಡಿ ತಿಳಿಯುತ್ತಾನೆ. ಒಂದು ಸಲ ಗುಂಡಿ ಹಾಕುವ ಅಯ್ಯಮ್ಮ ಅವಸರದಲ್ಲಿ ಹಿಂದಿನಿಂದ ಅವನ ಬೆನ್ನು ತಟ್ಟಿದಳು. ಬೆಚ್ಚಿಬಿದ್ದ. ಕತ್ತರಿ ಶಾಲೆ ಯೂನಿಫಾರಂ ಬಟ್ಟೆಯ ಅಷ್ಟೂ ಪದರವನ್ನು ಅಡ್ಡಡ್ಡ ಸೀಳಿತು. ನಾನಾಗಿದ್ದರೆ ಇಬ್ಬರಿಗೂ ಬಾಯಿಗೆ ಬಂದಂತೆ ಬೈಯುತ್ತಿದ್ದೆ. ಅಂಗಡಿಯ ಒಡತಿ ಸಾಲೇಹಾ ಬಟ್ಟೆ ಎತ್ತಿ ನೋಡಿ, ‘ಹೋಗ್ಲಿ ಬಿಡಿ, ಜೇಬಿಗೆ ಆಗುತ್ತೆ’ ಅಂದಳು. ಆಮೇಲೆ ಅವನ ಎದುರಿಗೆ ಬಂದು, ‘ಭಾಯ್, ನಿಮ್ಮನ್ನ ಹೆಂಗೆ ಕರೀಬೇಕು? ನೀವೇ ಹೇಳಿ’ ಎಂದು ಕೇಳಿದಳು.

ಅಷ್ಟು ವರ್ಷದಲ್ಲಿ ಯಾರೂ ಅದನ್ನು ಕೇಳಿರಲಿಲ್ಲ. ಅವನು ಸುಮ್ಮನೆ ಅಂಗೈಯಿಂದ ಮೇಜು ತಟ್ಟಿ ತೋರಿಸಿದ. ಮೇಜಿನ ಮೇಲೆ ಕೈಯಿಟ್ಟಿದ್ದರೆ ಸಾಕು, ಅದು ಅದುರಿದ್ದು ಕೈಗೆ ತಿಳಿಯುತ್ತದೆ. ಅವತ್ತಿನಿಂದ ಎಲ್ಲರೂ ಹಾಗೇ ಕರೆಯುತ್ತೇವೆ. ಮೊದಲು ಅರ್ಥವಾಗದಿದ್ದರೂ ತಲೆಯಾಡಿಸಿ ತೋಳು ಗಿಡ್ಡ ಕತ್ತರಿಸುತ್ತಿದ್ದವನು ಈಗ ಕೈಯೆತ್ತಿ ‘ಇನ್ನೊಂದ್ಸಲ’ ಅನ್ನುತ್ತಾನೆ. ನಾಚಿಕೆಯಿಲ್ಲ, ಹೆದರಿಕೆಯಿಲ್ಲ.

ಮಧ್ಯಾಹ್ನ ಕರೆಂಟು ಹೋದಾಗ ಮಷಿನ್ನುಗಳೆಲ್ಲ ನಿಂತುಬಿಡುತ್ತವೆ. ಕಿಟಕಿಯ ಬಿಸಿಲಿನಲ್ಲಿ ನೀಲಿ ಬಟ್ಟೆಯ ಧೂಳು ಮೆಲ್ಲಗೆ ತೇಲುತ್ತಿರುತ್ತದೆ, ನೀರಿನ ತಳದಲ್ಲಿ ಕೂತ ಹಾಗೆ. ನಿನ್ನೆ ಹಾಗೇ ಜೊಂಪು ಹತ್ತಿತು. ಕನಸಿನಲ್ಲಿ ಆ ಮೇಜು ಉದ್ದವಾಗುತ್ತಾ ಬಾಗಿಲು ದಾಟಿ, ಹಳೇ ಮದ್ರಾಸ್ ರಸ್ತೆ ಹಿಡಿದು, ಕೆ.ಆರ್. ಪುರದ ತೂಗುಸೇತುವೆಯನ್ನೂ ಹತ್ತಿಳಿದು ನಿನ್ನ ಆಫೀಸಿನೊಳಗೆ ಹೋಗಿತ್ತು. ಬಸ್ಸುಗಳೆಲ್ಲ ಸದ್ದಿಲ್ಲದೆ ದಾರಿ ಬಿಟ್ಟಿದ್ದವು. ನಾನು ಇಲ್ಲಿ ತಟ್ಟಿದೆ. ನೀನು ಅಲ್ಲಿ ತಲೆಯೆತ್ತಿದೆ. ನೀನು ನಗುತ್ತಿದ್ದೆ.

ನಿನ್ನ ಮ್ಯಾನೇಜರ್ ಶೀತಲ್ ಪಕ್ಕಕ್ಕೆ ಕರೆದು ‘ಏನಾದ್ರೂ ತೊಂದ್ರೆ ಇದ್ಯಾ’ ಅಂದಾಗ ‘ಏನಿಲ್ಲ’ ಅಂದೆಯಂತೆ. ಅವಳು ಹೊಸಬಳು, ಸಾಲೇಹಾಳಂಥವಳೋ ಅಲ್ಲವೋ ನನಗೇನು ಗೊತ್ತು. ಸೋಮವಾರ ಮೊದಲು ವಿರೂಪಾಕ್ಷನ ಮಾತೆತ್ತು. ಅದನ್ನು ಹೇಗೆ ಕೇಳಿಸಿಕೊಳ್ಳುತ್ತಾಳೆ ನೋಡು. ನೆಟ್ಟಗೆ ಕೇಳಿಸಿಕೊಂಡರೆ ನಿನ್ನದನ್ನೂ ಹೇಳು: ಎದುರಿಗೆ ಬನ್ನಿ, ಹೆಸರು ಹೇಳಿ ಮಾತಾಡಿಸಿ, ಅಷ್ಟೇ. ಮುಖ ತಿರುಗಿಸಿದರೆ ಅವತ್ತೇ ರಾಜೀನಾಮೆ ಬಿಸಾಕಿ ಬಾ. ಹೇಡಿ ಅಂತ ಒಂದು ಮಾತೂ ನಾನು ಆಡುವುದಿಲ್ಲ, ಬೇರೆಯವರು ಆಡಿದರೆ ಬಿಡುವುದೂ ಇಲ್ಲ.

ಸಿಡುಕಿನಲ್ಲೂ ನಿನ್ನನ್ನೇ ನೆನೆಯುವ,
ನಿನ್ನ ದೊಡ್ಡಮ್ಮ
ರಾಮಲಕ್ಷ್ಮಮ್ಮ

ಮರೆತಿದ್ದೆ: ಗುರುವಾರ ಫೋನಿನಲ್ಲಿ ನೀನು ಇದನ್ನೆಲ್ಲ ನನಗೇ ಮೊದಲು ಹೇಳಿಕೊಂಡು ಅತ್ತಿದ್ದೆಯಂತೆ. ಮರೆತದ್ದಲ್ಲ, ಬರೆಯಲು ಕೈ ಬರಲಿಲ್ಲ. ನನಗೆ ಒಂದು ಮಾತೂ ಕೇಳಿಸಿರಲಿಲ್ಲ ಕಣೇ. ಹೂಂ, ಹೂಂ, ಒಳ್ಳೇದಾಯ್ತು ಬಿಡು ಅಂದೆ. ನನ್ನ ಕಿವಿ ಹೋಗಿ ಬಹಳ ದಿನವಾಯಿತು. ಬೆಳಕು ಚೆನ್ನಾಗಿದೆ ಎಂದು ಸುಳ್ಳು ಹೇಳಿ, ನನ್ನ ಸ್ಟೂಲನ್ನು ಅಸ್ಗರ್ ಮೇಜಿನ ತುದಿಗೆ ಹಾಕಿಕೊಂಡು ಕೈಹೊಲಿಗೆ ಹಾಕುತ್ತೇನೆ. ಮೇಜು ತಟ್ಟಿದಾಗ ನಮ್ಮಿಬ್ಬರ ತಲೆಯೂ ಒಟ್ಟಿಗೇ ಏಳುತ್ತದೆ. ಅವನು ನೋಡಿದ್ದಾನೆ, ಯಾರಿಗೂ ಹೇಳಿಲ್ಲ. ಸೋಮವಾರ ಸಾಲೇಹಾಗೆ ನಾನೇ ಹೇಳುತ್ತೇನೆ. ಫೋನ್ ಮಾಡಬೇಡ, ಸಂಜೆ ಅಂಗಡಿಗೇ ಬಾ. ನೀನು ಮೇಜು ತಟ್ಟು. ನಾನು ಎದುರಿಗೆ ಬಂದು ನಿನ್ನ ಹೆಸರು ಹಿಡಿದು ಕರೆಯುತ್ತೇನೆ.