ಮೂರನೇ ಸಿಲಿಂಡರಿನ ಸಪ್ಪಳ

ಸಂಶಿ
೧೨ ಫೆಬ್ರುವರಿ ೧೯೮೮, ಶುಕ್ರವಾರ

ಗೆಳೆಯ ಈರಪ್ಪ,

ಸಾಂಗ್ಲಿಯ ಹವಾ ನಿನಗೆ ಹೊಂದಿದೆ ಎಂದುಕೊಂಡಿದ್ದೇನೆ. ಟ್ರ್ಯಾಕ್ಟರಿನ ಬಿಡಿಭಾಗಗಳ ಹೆಸರು ಬಿಟ್ಟರೆ ಕಾಗದದ ಮೇಲೆ ನಾನು ಬೇರೇನೂ ಬರೆದವನಲ್ಲ. ನಮಾಜು ಮುಗಿಸಿ ಬಂದು, ಗ್ಯಾರೇಜಿನ ಬಾಗಿಲು ಅರ್ಧ ಮುಚ್ಚಿ, ಡೀಸೆಲ್ ಡಬ್ಬಿಯ ಮೇಲೆ ಹಲಗೆ ಇಟ್ಟುಕೊಂಡು ಬರೆಯುತ್ತಿದ್ದೇನೆ. ಎರಡು ವರ್ಷದ ಹಿಂದೆಯೇ ನಿನ್ನ ಮುಖ ನೋಡಿ ಹೇಳಬೇಕಾಗಿದ್ದ ಮಾತು ಇದು.

ಆ ಕೆಂಪು ಕಾರನ್ನು ನೀನು ಹುಬ್ಬಳ್ಳಿಯಿಂದ ತಂದಾಗ ಇಡೀ ಸಂಶಿ ನಕ್ಕಿತು. ಎರಡೇ ಸೀಟು, ಮೇಲೆ ಬಟ್ಟೆಯ ಹೊದಿಕೆ, ಹೊಟ್ಟೆ ನೆಲಕ್ಕೆ ತಾಗುವಷ್ಟು ಗಿಡ್ಡ. ಇಪ್ಪತ್ತು ವರ್ಷ ಓಡಿದ್ದ ವಿಲಾಯತಿ ರೇಸು ಕಾರು ನಮ್ಮ ಎರೆಮಣ್ಣಿನ ದಾರಿಯಲ್ಲಿ ಏನು ಮಾಡೀತು ಎಂದು ಎಲ್ಲರೂ ಕೇಳಿದರು. ನಾನು ಕೇಳಲಿಲ್ಲ. ನಿನ್ನ ಅತ್ತಿಗೆ ತನಗೆ ಆಡಿದ ಮಾತಿಗೆ ನೀನು ತುಟಿ ಬಿಚ್ಚಲಿಲ್ಲವೆಂದು ನಿನ್ನ ಮನೆಯಾಕೆ ಸುಶೀಲವ್ವ ತಿರ್ಲಾಪುರದ ತವರಿಗೆ ಹೋಗಿ ಆಗ ವರ್ಷವಾಗಿತ್ತು. ನನ್ನ ರಹೀಮಾಬಿ ತೀರಿಕೊಂಡು ನಾಲ್ಕು ವರ್ಷ. ಮನೆಗೆ ಹೋಗುವ ಅವಸರ ನಮ್ಮಿಬ್ಬರಿಗೂ ಇರಲಿಲ್ಲ. ನಿಮ್ಮ ಗೊಬ್ಬರದ ಅಂಗಡಿ ಮುಚ್ಚಿದೊಡನೆ ನೀನು ಕಾರು ತಂದು ನಿಲ್ಲಿಸುತ್ತಿದ್ದೆ, ನಾನು ಬಾನೆಟ್ಟು ಎತ್ತುತ್ತಿದ್ದೆ. ಆ ಸಂಜೆಗಳು ನನಗೆ ಎಷ್ಟು ಬೇಕಾಗಿದ್ದವು ಎಂದು ನಿನಗೆ ಗೊತ್ತಿರಲಿಲ್ಲ. ನನಗೂ ಗೊತ್ತಿರಲಿಲ್ಲ.

ನನ್ನ ಕಿವಿ ಟ್ರ್ಯಾಕ್ಟರಿನ ಕಿವಿ. ಆ ಕಾರಿನ ಪ್ರತಿ ಸದ್ದೂ ನನಗೆ ರೋಗದಂತೆ ಕೇಳಿಸಿತು. ಬೆಳಿಗ್ಗೆ ಚಾಲೂ ಮಾಡಿದೊಡನೆ ಮೇಲಿನಿಂದ ಟಿಕ್ ಟಿಕ್ ಎಂದಿತು, ವಾಲ್ವು ಹೋಯಿತೆಂದೆ. ಎರಡು ದಿನ ನಿಂತ ಮೇಲೆ ಒಂದು ಉಸಿರು ನೀಲಿ ಹೊಗೆ ಬಿಟ್ಟಿತು. ಪಿಸ್ಟನ್ ರಿಂಗು ಸವೆದಿವೆ ಎಂದೆ. ಇಳಿಜಾರಿನಲ್ಲಿ ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಸೈಲೆನ್ಸರಿನಲ್ಲಿ ಪಟಾಕಿ ಹೊಡೆದಂತಾಯಿತು. ಅದಕ್ಕೂ ಒಂದು ರೋಗದ ಹೆಸರು ಕೊಟ್ಟೆ. ಕಾರು ಮಾರಿದ ಮುದುಕ ಎಂಜಿನಿಯರಿಗೆ ನೀನು ಪ್ರತಿ ಸಲವೂ ಕಾರ್ಡು ಬರೆದೆ. ಪ್ರತಿ ಸಲವೂ ಅವರ ಉತ್ತರ ಒಂದೇ: ಅದು ಆ ಎಂಜಿನ್ನಿನ ಸ್ವಭಾವ, ಗಾಬರಿ ಬೇಡ. ಆ ಕಾರ್ಡುಗಳನ್ನು ನೀನು ಸಣ್ಣಪ್ಪನ ಚಹಾದಂಗಡಿಯಲ್ಲಿ ಗಟ್ಟಿಯಾಗಿ ಓದಿದೆ. "ನಮ್ಮ ಡಾಕ್ಟರ್ ಅಬ್ದುಲ್‌ಸಾಬ ಗಟ್ಟಿಮುಟ್ಟಾದವರನ್ನೂ ಹಾಸಿಗಿ ಹಿಡಸತಾನ ನೋಡ್ರಿ" ಎಂದೆ. ಬೆಂಚಿನ ಮೇಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ. ಒಳಗೆ ಚುಚ್ಚಿತು.

ಆದರೂ ಕಲಿತೆ, ಈರಪ್ಪ. ತಣ್ಣಗಿದ್ದಾಗ ಬಂದು ಬಿಸಿಯಾದಂತೆ ಅಡಗುವ ಸದ್ದಿಗೆ ಹೆದರಬೇಕಿಲ್ಲ. ಮೇಲಿನಿಂದ ಬರುವ ಹಗುರ ಸದ್ದು ವರ್ಷಗಟ್ಟಲೆ ಹಾಗೇ ಇದ್ದೀತು. ಎಂಜಿನ್ನು ಬಿಸಿಯಾದ ಮೇಲೆ ತಳದಿಂದ ಎದ್ದು, ಭಾರ ಬಿದ್ದಷ್ಟೂ ದಪ್ಪವಾಗುವ ಸದ್ದು ಬೇರೆ. ಅದು ಕೇಳಿದರೆ ಕೀಲಿ ತೆಗೆದು ಜೇಬಿಗೆ ಹಾಕಿಕೊಳ್ಳಬೇಕು.

ದೀಪಾವಳಿ ಕಳೆದು ಮೂರನೇ ಸೋಮವಾರ. ತಿರ್ಲಾಪುರದಲ್ಲಿ ಹಿರಿಯರು ಸೇರುತ್ತಾರೆ, ಮಧ್ಯಾಹ್ನದೊಳಗೆ ನೀನೇ ಬಂದು ಕೇಳಿದರೆ ಸುಶೀಲವ್ವನನ್ನು ಕಳಿಸುತ್ತಾರೆ ಎಂದು ಹೇಳಿಕಳಿಸಿದ್ದರು. ನೀನು ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಬಂದೆ. ನೀನು ಅಷ್ಟು ಖುಷಿಯಾಗಿದ್ದುದನ್ನು ನಾನು ಅದಕ್ಕೂ ಮೊದಲು ನೋಡಿರಲಿಲ್ಲ. "ಆಕಿ ಬಂದಳಂದ್ರ ಇನ್ನ ಸಂಜಿ ಮುಂದ ನಿನಗ ನನ್ನ ಕಾಟ ಇಲ್ಲಲೇ" ಎಂದು ನನ್ನ ಬೆನ್ನಿಗೆ ಗುದ್ದಿ ಚಹಾ ಹೇಳಲು ಹೋದೆ.

ಎಂಜಿನ್ನು ಓಡುತ್ತಲೇ ಇತ್ತು. ತಳದಿಂದ ದಡ್, ದಡ್. ಉದ್ದದ ಸ್ಕ್ರೂಡ್ರೈವರಿನ ತುದಿ ಎಂಜಿನ್ನಿಗೆ ಇಟ್ಟು ಹಿಡಿಕೆಯನ್ನು ಕಿವಿಗೆ ಒತ್ತಿದೆ. ಒಂದೊಂದೇ ಪ್ಲಗ್ಗಿನ ವಾಯರು ಕಿತ್ತು ನೋಡಿದೆ. ಮೂರನೆಯದನ್ನು ಕಿತ್ತಾಗ ಸದ್ದು ಮೆತ್ತಗಾಯಿತು. ಮೂರನೇ ಸಿಲಿಂಡರಿನ ಕೆಳಗಿನ ಬೇರಿಂಗು ಹೋಗಿತ್ತು. ಈ ಸಲ ಯಾವ ಕಾರ್ಡೂ ನನ್ನನ್ನು ಸುಳ್ಳು ಮಾಡುತ್ತಿರಲಿಲ್ಲ.

ನೀನು ಎರಡು ಲೋಟ ಹಿಡಿದು ಬಂದು ಕೇಳಿದೆ, "ಏನಂತಾನ ಡಾಕ್ಟರ?"

"ಏನೂ ಇಲ್ಲ. ಅದರ ಸ್ವಭಾವ ಐತಿ. ಹೋಗಿ ಬಾ," ಅಂದೆ.

ನಕ್ಕಾರೆಂಬ ಹೆದರಿಕೆಯಿಂದ ಹಾಗೆ ಅಂದೆನೆಂದು ಬಹಳ ದಿನ ನನಗೆ ನಾನೇ ಹೇಳಿಕೊಂಡೆ. ಅದು ಅರ್ಧ ಖರೆ. ಉಳಿದರ್ಧ ಇದು. ನೀನು ಅವತ್ತು ತಿರ್ಲಾಪುರ ಮುಟ್ಟಬಾರದು ಎಂದು ನನಗೆ ಅನ್ನಿಸಿತ್ತು. ಬಸ್ಸಿಗೆ ಹೋಗು ಎಂದಿದ್ದರೆ ಹೋಗುತ್ತಿದ್ದೆ. ಒಂಬತ್ತರ ಬಸ್ಸು ಇನ್ನೂ ನಿಂತಿತ್ತು, ನನ್ನ ಕಣ್ಣೆದುರಿಗೇ.

ಅಣ್ಣಿಗೇರಿ ದಾಟಿದ ಮೇಲೆ ಕನೆಕ್ಟಿಂಗ್ ರಾಡು ಮುರಿದು ಎಂಜಿನ್ನಿನ ಗೋಡೆ ಒಡೆದು ಹೊರಗೆ ಬಂತು. ಸುತ್ತಲೂ ಹತ್ತಿಯ ಹೊಲ, ಹೊತ್ತು ನೆತ್ತಿಗೆ ಬಂದಿತ್ತು. ನೀನು ನಡೆದು, ಚಕ್ಕಡಿ ಹತ್ತಿ, ಮತ್ತೆ ನಡೆದು ಮುಟ್ಟುವಾಗ ದೀಪ ಹಚ್ಚುವ ಹೊತ್ತು. ಬಿಳಿ ಅಂಗಿಯ ತುಂಬ ಎಣ್ಣೆ. ಹಿರಿಯರು ಎದ್ದುಹೋಗಿದ್ದರು. ಮಾವ ನಿನ್ನನ್ನು ಹೊಸ್ತಿಲು ದಾಟಗೊಡಲಿಲ್ಲ. ಮರುದಿನ ಇದನ್ನೆಲ್ಲ ನೀನೇ ನನಗೆ ಹೇಳಿದೆ. ಹೇಳಿ, ಕಡೆಗೆ ಅಂದೆ, "ನಿಂದೇನ ತಪ್ಪಿಲ್ಲ ಬಿಡು. ಹೊತ್ತಾತಂತ ನಾನ ಜೋರ ಹೊಡದೆ." ಆಗಲೂ ನಾನು ಬಾಯಿ ಬಿಡಲಿಲ್ಲ.

ಆರು ತಿಂಗಳಿಗೆ ನೀನು ಅಂಗಡಿಯನ್ನು ಅಣ್ಣನಿಗೆ ಬಿಟ್ಟು ಊರು ತೊರೆದೆ. ನಿನ್ನ ಮೂರು ಪತ್ರಗಳು ಬಂದವು. ನಾನು ಒಂದಕ್ಕೂ ಉತ್ತರ ಬರೆಯಲಿಲ್ಲ. ನನಗೆ ಬೇಕಾಗಿದ್ದ ಸಂಜೆಗಳು ದಿನಾ ಬರುತ್ತವೆ. ಗುಡಗೇರಿಗೆ ಹೋಗುವ ಕೊನೆಯ ಬಸ್ಸು ದಾಟಿದ ಮೇಲೆ ರಸ್ತೆ ಖಾಲಿಯಾಗುತ್ತದೆ. ಒಬ್ಬನಿಗೇ ಚಹಾ ಹೇಳುತ್ತೇನೆ. ಸಣ್ಣಪ್ಪ ಈಗ ಏನೂ ಕೇಳುವುದಿಲ್ಲ.

ಮೊನ್ನೆ ಮಂಗಳವಾರ ಸುಶೀಲವ್ವ ಗ್ಯಾರೇಜಿಗೆ ಬಂದಿದ್ದಳು. ಗುಡಗೇರಿಯ ಮದುವೆಗೆ ಬಂದವಳು ಸಂಶಿಯಲ್ಲಿ ಇಳಿದು, ಒಬ್ಬಳೇ, ಸೆರಗು ಹೊದ್ದು ಬಾಗಿಲಲ್ಲಿ ನಿಂತಳು.

"ಒಂದ ಮಾತು ಕೇಳತೀನಿ, ಖರೇ ಹೇಳ್ರಿ. ಅವತ್ತ ಆ ಕಾರು ಖರೇನ ಕೆಟ್ಟಿತ್ತೇನ್ರಿ? ಅವರಿಗೆ ನನ್ನ ಕರಕೊಂಡ ಹೋಗೂ ಮನಸ ಇರಲಿಲ್ಲ, ಬೇಕಂತ ತಡಾ ಮಾಡಿದ್ರು ಅಂತ ನಮ್ಮಪ್ಪ ಅಂತಾನ."

ಎಲ್ಲ ಹೇಳಿದೆ. ಮೂರನೇ ವಾಯರನ್ನೂ ಹೇಳಿದೆ, ನಿಂತಿದ್ದ ಬಸ್ಸನ್ನೂ ಹೇಳಿದೆ. ಅವಳು ಬಯ್ಯಲಿಲ್ಲ. "ಇದನ್ನ ಅವರಿಗೆ ಹೇಳೀರೇನ್ರಿ?" ಅಂದಳು.

"ಇಲ್ಲವ್ವಾ."

"ಮೊದಲ ಅವರಿಗೆ ಹೇಳ್ರಿ. ತಮ್ಮದ ತಪ್ಪು ಅಂತ ಎಷ್ಟ ದಿನಾ ತಿಳಕೊಂಡಿರಬೇಕು ಅವರು?" ಎಂದವಳು ನಿನ್ನ ವಿಳಾಸ ಕೇಳಿದಳು. ಬರೆದುಕೊಟ್ಟೆ. ಚೀಟಿಯನ್ನು ನಾಲ್ಕು ಮಡಿಕೆ ಮಾಡಿ ಬಿಗಿಯಾಗಿ ಮುಷ್ಟಿಯಲ್ಲಿ ಹಿಡಿದುಕೊಂಡೇ ಬಸ್ಸು ಹತ್ತಿದಳು. ಏನು ಬರೆಯುತ್ತಾಳೋ, ಬರೆಯುತ್ತಾಳೋ ಇಲ್ಲವೋ, ನನಗೆ ತಿಳಿಯದು.

ಕ್ಷಮಿಸು ಎಂದು ಕೇಳುವ ಮುಖ ನನಗಿಲ್ಲ. ಈ ಪತ್ರಕ್ಕೆ ಉತ್ತರ ಬರದಿದ್ದರೆ ಅದು ನ್ಯಾಯವೇ. ಆದರೆ ತಿರ್ಲಾಪುರದಿಂದ ಪತ್ರ ಬಂದರೆ ಮಾತ್ರ ನನ್ನ ಹಾಗೆ ಮಾಡಬೇಡ, ಅವತ್ತೇ ಕೂತು ಉತ್ತರ ಬರಿ.

ನಿಮ್ಮಿಬ್ಬರ ಒಲೆ ಒಂದಾಗಲಿ, ಆ ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ ಎಂದು ದಿನವೂ ಬೇಡಿಕೊಳ್ಳುವ,

ಅಬ್ದುಲ್‌ಸಾಬ