ಗೋಡೆಗೆ ಅಂಟಿಸಿದ ಗಾಜು

ಪ್ರೀತಿಯ ತಂಗಿಗೆ,

ಸೊಂಟನೋವು ಬಿಟ್ಟರೆ ನಿನ್ನ ಅಣ್ಣನಿಗೆ ಏನೂ ಆಗಿಲ್ಲ. ಇದನ್ನು ನಿನ್ನ ಯಜಮಾನರು ಮನೆಯಲ್ಲಿ ಇಲ್ಲದಾಗ ಓದು.

ಆರಾಧನಾ ಮಂದಿರದ ಗೋಡೆ ಬಿರುಕು ಬಿಟ್ಟಲ್ಲಿ ನಾನು ಸಿಮೆಂಟು ಹಾಕಿ ಅಡ್ಡಕ್ಕೊಂದು ಗಾಜಿನ ಪಟ್ಟಿ ಅಂಟಿಸಿದ್ದೆನಲ್ಲ? ಗೋಡೆ ಸರಿಯುತ್ತಿದ್ದರೆ ಗಾಜು ಒಡೆಯುತ್ತದೆ. ಗಾರೆ ಕೆಲಸದವರು ತಿಳಿದುಕೊಳ್ಳುವುದೇ ಹಾಗೆ. ಒಡೆಯದಿರಲಿ ಕರ್ತನೇ ಎಂದು ದಿನವೂ ಬೇಡಿದೆ. ಮೊದಲ ಗಾಜು ಒಂದು ತಿಂಗಳು ತಡೆಯಿತು, ಆಮೇಲಿನದು ವಾರ. ನಿನ್ನೆ ಅಂಟಿಸಿದ್ದು ಇವತ್ತು ಬೆಳಿಗ್ಗೆ ಎರಡು ತುಂಡು.

ಪಾಸ್ಟರಲ್ಲವೇ ಎಂದು ನಿನ್ನ ಯಜಮಾನರಿಗೇ ಮೊದಲು ತೋರಿಸಿದೆ. “ಏನ್ ಮೇಸ್ತ್ರಿ, ಇಷ್ಟು ವರ್ಷ ಗೋಡೆ ಕಟ್ಟಿದ್ರೂ ನಿಮ್ಮ ನಂಬಿಕೆ ಇನ್ನೂ ಹಸಿ ಗಾರೆನೇ! ಆತನ ಮನೆ, ಆತ ನೋಡ್ಕೊಳ್ತಾನೆ ಬಿಡಿ” ಎಂದು ನಕ್ಕರು.

ಕೇಳಿದ್ದನ್ನು ಕೊಡದ ಕರ್ತನ ಮೇಲೆ ನನಗೂ ಸಿಟ್ಟಿತ್ತು. ಆದರೆ ತುಂಡುಗಳನ್ನು ಆಯುವಾಗ ಬೇರೆಯೇ ಯೋಚನೆ ಬಂತು. ಆತ ಸುಮ್ಮನಿದ್ದನೇ, ಅಥವಾ ಮೂರು ಸಲ ಹೇಳಿದರೂ ನಾನೇ ಕೇಳಿಸಿಕೊಳ್ಳಲಿಲ್ಲವೇ?

ಆ ಗೋಡೆ ಇನ್ನು ಹೆಚ್ಚು ದಿನ ನಿಲ್ಲದು. ಭಾನುವಾರ ಆರಾಧನೆಗೆ ಚಾಪೆಗಳನ್ನು ಅಂಗಳದಲ್ಲಿ ಹಾಸು. ಮಕ್ಕಳ ಹಾಡೂ ಅಲ್ಲೇ ಆಗಲಿ. ನಿನ್ನ ಯಜಮಾನರು ಒಪ್ಪದಿದ್ದರೆ ಜಗಳಕ್ಕೆ ನಿಲ್ಲಬೇಡ, ಬೀಗದ ಕೈ ಎಲ್ಲೋ ಬಿತ್ತು ಎಂದುಬಿಡು. ಆ ಸುಳ್ಳಿನ ಪಾಪ ನನಗಿರಲಿ.

ಬಾಗಿಲು ತೆಗೆದೇಬಿಟ್ಟರೆ ನಾನೂ ಒಳಗೆ ಬಂದು ಆ ಗೋಡೆಗೇ ಒರಗಿ ಕೂರುತ್ತೇನೆ. ನಿಮ್ಮನ್ನೆಲ್ಲ ಒಳಗೆ ಬಿಟ್ಟು ಹೊರಗೆ ನಿಂತು ಪ್ರಾರ್ಥಿಸಲು ನನಗೆ ಬರುವುದಿಲ್ಲ.

ನಿನ್ನನ್ನು ಕರ್ತನ ಕೈಗೆ ಒಪ್ಪಿಸಿ,
ನಿನ್ನ ದೊಡ್ಡಣ್ಣ